ಗದ್ದೆ ಕಾಯುವ ಸಿಡಿ



ಕಳೆದ ಸುಗ್ಗಿಯ ಸಮಯ. ಊರಿನಲ್ಲಿ ಗದ್ದೆಯ ಬದುವಿನ ಮೇಲೆ ನಡೆದು ಬರುತ್ತಿದ್ದೆ. ಕಣ್ಣಿಗೆ ಛಳಕ್ಕೆಂದು ಬೆಳಕು ಹೊಡೆಯಿತು. ನೋಡಿದರೆ, ಬಿದಿರುಗಳದಿಂದ ಗಳಕ್ಕೆ ದಾರ ಎಳೆದು ಸಾಲಾಗಿ ಸಿಡಿಗಳನ್ನು ಇಳಿಬಿಟ್ಟಿದ್ದರು. ಗಾಳಿಗೆ ಅವು ತಿರುಗಿದಂತೆಲ್ಲ ಬಿಸಿಲು ಮಿಂಚುತ್ತದೆ. ಆ ಮಿಂಚಿಗೆ ಗಿಳಿ, ಗುಬ್ಬಿ ಹತ್ತಿರ ಸುಳಿಯುವುದಿಲ್ಲವಂತೆ. ಗದ್ದೆಯ ಯಜಮಾನ ನನ್ನ ಹಳೆಯ ವಿದ್ಯಾರ್ಥಿ. "ಹಕ್ಕಿ ಹೆದರ್ತಾವೇನೋ?" ಎಂದು ಕೇಳಿದೆ. "ಒಂದು ವಾರ ಹೆದರ್ತಾವೆ ಸಾರ್. ಆಮೇಲೆ ಅವಕ್ಕೂ ಗೊತ್ತಾಗತ್ತೆ, ಇದರಲ್ಲಿ ಏನೂ ಇಲ್ಲ ಅಂತ" ಎಂದ. ಒಂದನ್ನು ಹಿಡಿದು ನೋಡಿದೆ. ಯಾರದೋ ಮದುವೆಯ ಸಿಡಿ. ಮೇಲೆ ಬರೆದಿದ್ದ ವಧೂವರರ ಹೆಸರು ಅರ್ಧ ಅಳಿಸಿಹೋಗಿತ್ತು. 2006 ಎಂಬ ಇಸವಿ ಮಾತ್ರ ಚೆನ್ನಾಗಿ ಕಾಣುತ್ತಿತ್ತು.

ಇಸವಿ ನೋಡಿ ನನಗೆ ಸ್ವಲ್ಪ ಗಾಬರಿಯೇ ಆಯಿತು. 2006 ಅಂದರೆ ನಿನ್ನೆ ಮೊನ್ನೆ. ಆ ಮದುವೆಯ ಕರೆಯೋಲೆ ಬಹುಶಃ ಆ ಮನೆಯ ಯಾವುದೋ ಪುಸ್ತಕದ ನಡುವೆ ಈಗಲೂ ಇದ್ದೀತು, ಓದಲೂ ಬಂದೀತು. ಮದುವೆ ಮಾತ್ರ ಗದ್ದೆ ಕಾಯಲು ಹೊರಟಿದೆ.

ಸಿಡಿ, ಡಿವಿಡಿ, ಬ್ಲೂ-ರೇ ಎಂದು ನಾವು ಕರೆಯುವ ಈ ಹೊಳೆಯುವ ತಟ್ಟೆಗಳ ಮುಂದಿನ ಗತಿ ಏನು, ಅವುಗಳ ಜಾಗಕ್ಕೆ ಬಂದಿರುವವು ಅವಕ್ಕಿಂತ ಗಟ್ಟಿಯೇ ಎಂಬುದರ ಬಗ್ಗೆ ಈ ದಿನ ನಾಲ್ಕು ಮಾತು ಆಡಬೇಕೆಂದಿದ್ದೇನೆ. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು ನಾನು. ಅಲ್ಲಲ್ಲಿ ಮೇಷ್ಟರ ಚಾಳಿ ಇಣುಕಿದರೆ ಸಹಿಸಿಕೊಳ್ಳಬೇಕು.

ಮೊದಲು ಈ ತಟ್ಟೆಗೆ ಅದರ ಮರ್ಯಾದೆ ಸಲ್ಲಿಸಿಬಿಡೋಣ. ಹಾಲೆಂಡಿನ ಫಿಲಿಪ್ಸ್ ಮತ್ತು ಜಪಾನಿನ ಸೋನಿ ಕೂಡಿ ಇದನ್ನು ರೂಪಿಸಿದವು. 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಮೊದಲ ಸಿಡಿ ಪ್ಲೇಯರ್ ಮಾರಾಟಕ್ಕೆ ಬಂತು. 12 ಸೆಂಟಿಮೀಟರ್ ಅಗಲದ, ಒಂದು ಮಿಲಿಮೀಟರಿಗಿಂತ ಕೊಂಚ ದಪ್ಪದ ಪ್ಲಾಸ್ಟಿಕ್ ಬಿಲ್ಲೆ. ಅದರೊಳಗೆ ಸುರುಳಿಯಾಕಾರದ ಒಂದೇ ಒಂದು ಸಾಲು, ನಡುವಿನಿಂದ ಹೊರಟು ಅಂಚಿನವರೆಗೆ. ಸಾಲಿನಿಂದ ಸಾಲಿಗೆ ಅಂತರ ಒಂದು ಮಿಲಿಮೀಟರಿನ ಸಾವಿರ ಭಾಗ ಮಾಡಿದರೆ ಅದರಲ್ಲಿ 1.6 ಭಾಗ. ನಿಮ್ಮ ತಲೆಗೂದಲಿನ ಒಂದು ಎಳೆಯನ್ನು ಅದರ ಮೇಲೆ ಇಟ್ಟರೆ ಅದರಡಿ ನಲವತ್ತು ಸಾಲು ಮುಚ್ಚಿಹೋಗುತ್ತವೆ. ಆ ಸುರುಳಿಯನ್ನು ಬಿಚ್ಚಿ ನೆಟ್ಟಗೆ ಹಾಸಿದರೆ 5 ಕಿಲೋಮೀಟರಿಗೂ ಉದ್ದ. ಅಷ್ಟು ದೂರವೂ ಸಣ್ಣ ಸಣ್ಣ ಗುಳಿಗಳು. ಕಣ್ಣಿಗೆ ಕಾಣದ ಕೆಂಪು ಮೀರಿದ ಲೇಸರ್ ಕಿರಣವೊಂದು ಆ ಗುಳಿಗಳ ಮೇಲೆ ಓಡುತ್ತ, ಹಿಂದಿರುಗುವ ಬೆಳಕಿನ ಏರಿಳಿತವನ್ನು ಓದುತ್ತದೆ. ಗುಳಿ ಎಂದರೆ ಒಂದು, ಬಯಲು ಎಂದರೆ ಸೊನ್ನೆ ಎಂದು ಬಹಳ ವರ್ಷ ನಾನೇ ತರಗತಿಯಲ್ಲಿ ಹೇಳಿದ್ದೆ. ಅದು ತಪ್ಪು. ಗುಳಿಯ ಅಂಚು ಬಂದಾಗ ಒಂದು. ಗುಳಿಯೊಳಗಿರಲಿ ಬಯಲಿನಲ್ಲಿರಲಿ, ಅಂಚು ಬಾರದಷ್ಟು ಹೊತ್ತೂ ಸೊನ್ನೆ. ಆಗ ನನ್ನ ಪಾಠ ಕೇಳಿದವರು ಯಾರಾದರೂ ಈಗ ರೇಡಿಯೊ ಮುಂದೆ ಇದ್ದರೆ ದಯವಿಟ್ಟು ತಿದ್ದಿಕೊಳ್ಳಿ.

ಇನ್ನೊಂದು ಜಾಣತನ ನನಗೆ ಇವತ್ತಿಗೂ ಮೆಚ್ಚುಗೆ. ಗ್ರಾಮಫೋನ್ ತಟ್ಟೆಗೆ ಗೀರು ಬಿದ್ದರೆ ಹಾಡಿದವರು ಹಾಡಿದ್ದನ್ನೇ ಹಾಡುತ್ತ ಕೂರುತ್ತಿದ್ದರು. ಸಿಡಿ ಹಾಗಲ್ಲ. ಹಾಡಿನ ಒಂದು ಕ್ಷಣಕ್ಕೆ ಸೇರಿದ ಅಂಕಿಗಳನ್ನು ಅದು ಒಂದೇ ಕಡೆ ಬರೆಯುವುದಿಲ್ಲ. ಬಿತ್ತಿದ ಹಾಗೆ ಚೆದುರಿಸುತ್ತದೆ, ಜೊತೆಗೆ ತಾಳೆ ನೋಡಲು ಒಂದಷ್ಟು ಹೆಚ್ಚಿನ ಅಂಕಿಗಳನ್ನೂ ಸೇರಿಸುತ್ತದೆ. ಹಾಗಾಗಿ ಸಾಲಿನ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರು ಕೆಟ್ಟರೂ, ಉಳಿದದ್ದನ್ನು ನೋಡಿ ಕಳೆದದ್ದನ್ನು ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಕೇಳುವವರಿಗೆ ಸುಳಿವೂ ಸಿಗುವುದಿಲ್ಲ. ಇದಕ್ಕೆ ಅಡಿಪಾಯ ಹಾಕಿದವರು ರೀಡ್ ಮತ್ತು ಸಾಲೊಮನ್ ಎಂಬ ಇಬ್ಬರು ಗಣಿತಜ್ಞರು, 1960ರಲ್ಲಿ. ಆಗ ಸಿಡಿ ಯಾರ ಕನಸಿನಲ್ಲೂ ಇರಲಿಲ್ಲ. ಇದೇ ಕಾರಣಕ್ಕೆ ಸಿಡಿ ಒರೆಸುವಾಗ ವೃತ್ತಾಕಾರದಲ್ಲಿ ಉಜ್ಜಬಾರದು, ನಡುವಿನಿಂದ ಅಂಚಿನ ಕಡೆಗೆ ನೆಟ್ಟಗೆ ಒರೆಸಬೇಕು. ಅಡ್ಡ ಬಿದ್ದ ಗೀರನ್ನು ಅದು ನುಂಗಿಕೊಳ್ಳುತ್ತದೆ. ಸಾಲಿನುದ್ದಕ್ಕೆ ಬಿದ್ದ ಗೀರು ಸೋಲಿಸುತ್ತದೆ. ಟೂತ್‌ಪೇಸ್ಟ್ ಹಚ್ಚಿ ಗಸಗಸ ತಿಕ್ಕಿದ್ದನ್ನು ನೆನಪಿಸಿಕೊಂಡು ಈಗ ನಗುತ್ತಿರುವವರು ಎಷ್ಟು ಜನವೋ.

ಒಂದು ಸಿಡಿಯಲ್ಲಿ 74 ನಿಮಿಷದ ಸಂಗೀತವೇ ಏಕೆ ಎಂಬುದಕ್ಕೆ ಒಂದು ಕತೆ ಇದೆ. ಬೀಥೋವನ್‌ನ ಒಂಬತ್ತನೆಯ ಸಿಂಫನಿ ಮಧ್ಯೆ ತುಂಡಾಗದೆ ಒಂದೇ ತಟ್ಟೆಯಲ್ಲಿ ಹಿಡಿಸಲಿ ಎಂದು ಸೋನಿಯ ನೊರಿಯೊ ಓಗಾ ಹಟ ಹಿಡಿದರಂತೆ. ಆ ಕೆಲಸದಲ್ಲಿ ಪಾಲುಗೊಂಡಿದ್ದ ಫಿಲಿಪ್ಸ್‌ನ ಎಂಜಿನಿಯರ್ ಕೀಸ್ ಇಮ್ಮಿಂಕ್ ಈ ಕತೆಯನ್ನು ಒಪ್ಪುವುದಿಲ್ಲ. ಎರಡು ಕಂಪನಿಗಳ ವ್ಯಾಪಾರದ ಹಗ್ಗಜಗ್ಗಾಟವೇ ಕಾರಣ ಎನ್ನುತ್ತಾರೆ. ನಾನು ಇಮ್ಮಿಂಕ್ ಪಕ್ಷ.

ಮುಂದಿನ ಇತಿಹಾಸ ಬೆಳಕಿನ ಬಣ್ಣದ ಇತಿಹಾಸ. ಬೆಳಕಿನ ಅಲೆ ಗಿಡ್ಡದಾದಷ್ಟೂ ಸಣ್ಣ ಗುಳಿ ಓದಬಹುದು. ಸಿಡಿಯದು 780 ನ್ಯಾನೊಮೀಟರಿನ ಅಲೆ. 1996ರಲ್ಲಿ ಬಂದ ಡಿವಿಡಿ 650 ನ್ಯಾನೊಮೀಟರಿನ ಕೆಂಪು ಬೆಳಕಿಗೆ ಇಳಿಯಿತು. ಒಂದು ಪದರದಲ್ಲಿ 4.7 ಗಿಗಾಬೈಟ್ ಹಿಡಿಯಿತು. ಪ್ರಖರವಾದ ನೀಲಿ ಬೆಳಕನ್ನು ಅರೆವಾಹಕದಿಂದ ಹೊರಡಿಸುವುದು ಮಾತ್ರ ಬಹಳ ಕಾಲ ಯಾರಿಗೂ ಕೈಗೂಡಲಿಲ್ಲ. ಜಪಾನಿನ ಅಕಾಸಾಕಿ, ಅಮಾನೊ, ನಕಾಮುರ ಎಂಬ ಮೂವರು ಸಾಧಿಸಿದರು, ಅದಕ್ಕೇ 2014ರ ನೊಬೆಲ್ ಪಡೆದರು. ಅದೇ ದಾರಿಯಲ್ಲಿ ಬಂದ 405 ನ್ಯಾನೊಮೀಟರಿನ ನೇರಳೆ ಲೇಸರಿನಿಂದ ಬ್ಲೂ-ರೇ ಹುಟ್ಟಿತು. ಒಂದು ಪದರಕ್ಕೆ 25 ಗಿಗಾಬೈಟ್. ಅದರ ಎದುರಾಳಿ ಎಚ್‌ಡಿ ಡಿವಿಡಿಯನ್ನು ತೋಷಿಬಾ 2008ರ ಫೆಬ್ರುವರಿಯಲ್ಲಿ ಕೈಬಿಟ್ಟಿತು. ಆ ಜಗಳ ಗೆದ್ದ ಬ್ಲೂ-ರೇಗೆ ಗೆಲುವಿನ ಊಟ ಹೆಚ್ಚು ದಿನ ದಕ್ಕಲಿಲ್ಲ.

ನಮ್ಮ ಕಡೆ ಬ್ಲೂ-ರೇ ಎಷ್ಟು ಮನೆ ಹೊಕ್ಕಿತೋ ಕಾಣೆ. ನಮ್ಮೂರುಗಳ ನಿಜವಾದ ತಟ್ಟೆ ಎಂದರೆ ವಿಸಿಡಿ. ಒಂದು ಸಿಡಿಯಲ್ಲಿ ಒಂದು ಗಂಟೆ ಚಿಲ್ಲರೆ ಚಿತ್ರ. ಕನ್ನಡ ಸಿನಿಮಾ ಅಂದರೆ ಎರಡು ತಟ್ಟೆ, ಒಮ್ಮೊಮ್ಮೆ ಮೂರು. ಮೊದಲನೆಯದು ಮುಗಿಯುತ್ತಿದ್ದದ್ದು ಕತೆಯ ತಿರುವಿನಲ್ಲಲ್ಲ, ಜಾಗ ಮುಗಿದ ಕಡೆ. ನಾಯಕ ಕೈ ಎತ್ತಿದ್ದಾನೆ, ಏಟು ಬೀಳಬೇಕಾದರೆ ಯಾರಾದರೂ ಎದ್ದು ಹೋಗಿ ತಟ್ಟೆ ಬದಲಿಸಬೇಕು. ಬಾಡಿಗೆ ಅಂಗಡಿಯವನು ಎರಡನೆಯ ತಟ್ಟೆಯ ಡಬ್ಬಿಯಲ್ಲಿ ಬೇರೆ ಸಿನಿಮಾ ಇಟ್ಟು ಕೊಟ್ಟದ್ದೂ ಉಂಟು. ದಿಲ್ಲಿಯ ಮೋಸರ್ ಬೇಯರ್ ಎಂಬ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಲು ತೊಡಗಿದಾಗ ನಕಲಿ ಮಾಲಿನವರೇ ಕಂಗಾಲಾದರು. ಜಗತ್ತಿನ ಅತಿ ದೊಡ್ಡ ಖಾಲಿ ತಟ್ಟೆ ತಯಾರಕರಲ್ಲಿ ಒಂದಾಗಿದ್ದ ಕಂಪನಿ ಅದು. 2018ರಲ್ಲಿ ಅದನ್ನು ಮುಚ್ಚಿ ಆಸ್ತಿ ಮಾರುವಂತೆ ಆದೇಶವಾಯಿತು.

ಹೊರಗಿನ ಸುದ್ದಿಯೂ ಅದೇ. ಅಮೆರಿಕದಲ್ಲಿ ಅಂಚೆಯ ಮೂಲಕ ಡಿವಿಡಿ ಬಾಡಿಗೆ ಕೊಟ್ಟು ಬೆಳೆದ ನೆಟ್‌ಫ್ಲಿಕ್ಸ್, 500 ಕೋಟಿಗೂ ಹೆಚ್ಚು ತಟ್ಟೆಗಳನ್ನು ಕಳಿಸಿದ ಮೇಲೆ 2023ರ ಸೆಪ್ಟೆಂಬರ್ 29ರಂದು ಕೊನೆಯ ಲಕೋಟೆ ಹಾಕಿ ಕೈತೊಳೆದುಕೊಂಡಿತು. 2025ರ ಫೆಬ್ರುವರಿಗೆ ಸೋನಿ ಖಾಲಿ ಬ್ಲೂ-ರೇ ತಟ್ಟೆಗಳ ತಯಾರಿಕೆ ನಿಲ್ಲಿಸಿತು. ಸಿನಿಮಾ ಅಚ್ಚಾದ ತಟ್ಟೆಗಳು ಇನ್ನೂ ಬರುತ್ತಿವೆ, ಕೊಳ್ಳುವ ಹಟವಾದಿಗಳೂ ಇದ್ದಾರೆ. ಆದರೆ ಹೊಸ ಲ್ಯಾಪ್‌ಟಾಪಿನಲ್ಲಿ ತಟ್ಟೆ ಇಡುವ ಜಾಗವೇ ಇಲ್ಲದ ಮೇಲೆ ಅದು ಮನೆ ಮನೆಯ ವಸ್ತುವಾಗಿ ಮತ್ತೆ ಬರುತ್ತದೆ ಎಂದು ನಾನು ನಂಬುವುದಿಲ್ಲ. ತಮಾಷೆ ಎಂದರೆ, ಸಿಡಿ ಬಂದು ಯಾವುದನ್ನು ಮೂಲೆಗೆ ತಳ್ಳಿತ್ತೋ ಆ ಕಪ್ಪು ಗ್ರಾಮಫೋನ್ ತಟ್ಟೆ 2022ರಲ್ಲಿ ಅಮೆರಿಕದಲ್ಲಿ ಸಿಡಿಗಿಂತ ಹೆಚ್ಚು ಮಾರಾಟವಾಯಿತು, 1987ರ ನಂತರ ಮೊದಲ ಬಾರಿಗೆ.

ಇಷ್ಟೇ ಆಗಿದ್ದರೆ ನಾನು ಮೈಕಿನ ಮುಂದೆ ಬರುತ್ತಿರಲಿಲ್ಲ. ಒಂದು ಯಂತ್ರ ಹೋಗಿ ಇನ್ನೊಂದು ಬರುವುದು ಹೊಸದೇನಲ್ಲ. ನನ್ನ ಸಂಕಟ ಬೇರೆ. ಅದಕ್ಕೆ ನಮ್ಮ ದೊಡ್ಡಮ್ಮನ ವಿಷಯ ಹೇಳಬೇಕು.

ದೊಡ್ಡಮ್ಮನಿಗೆ ಓದು ಬರಹ ಇರಲಿಲ್ಲ. ಹಸೆ ಹಾಡು, ಆರತಿ ಹಾಡು, ಬೀಸುವ ಪದ, ತೊಟ್ಟಿಲ ಹಾಡು ಎಂದು ಗಂಟೆಗಟ್ಟಲೆ ಹೇಳುತ್ತಿದ್ದಳು. 1991ರ ದೀಪಾವಳಿಯಲ್ಲಿ ಅಣ್ಣ ಒಂದು ಟೇಪ್‌ರೆಕಾರ್ಡರ್ ತಂದು ಅವಳ ಮುಂದಿಟ್ಟ. ಮೊದಲು ನಾಚಿದಳು, ಆಮೇಲೆ ನಿಲ್ಲಿಸಲೇ ಇಲ್ಲ. ಎರಡು ಕ್ಯಾಸೆಟ್ ತುಂಬಿತು. ಹಾಡಿನ ಮಧ್ಯೆ ಕೊಟ್ಟಿಗೆಯಲ್ಲಿ ಎಮ್ಮೆ ಕೂಗುತ್ತದೆ, ಯಾರೋ "ಕಾಫಿಗೆ ಬನ್ನಿ" ಎನ್ನುತ್ತಾರೆ. ದೊಡ್ಡಮ್ಮ ತೀರಿಕೊಂಡಳು. 2004ರಲ್ಲಿ ನಾನು, ವಿಜ್ಞಾನ ಬಲ್ಲವನೆಂಬ ಹಮ್ಮಿನಲ್ಲಿ, ಪೇಟೆಯ ಸ್ಟುಡಿಯೊ ಒಂದಕ್ಕೆ ಕ್ಯಾಸೆಟ್ ಒಯ್ದು ಅದನ್ನು ಸಿಡಿ ಮಾಡಿಸಿದೆ. "ಇನ್ನು ನೂರು ವರ್ಷ ಚಿಂತೆ ಇಲ್ಲ" ಎಂದು ಅಂಗಡಿಯವನೂ ಹೇಳಿದ, ನಾನೂ ನಂಬಿದೆ. ಅವನು ಮೇಲೊಂದು ಗುಂಡನೆಯ ಲೇಬಲ್ ಅಂಟಿಸಿದ. ನಾನು ಅದರ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಒತ್ತಿ ಹಾಡುಗಳ ಪಟ್ಟಿ ಬರೆದೆ.

ಹನ್ನೊಂದು ವರ್ಷದ ಮೇಲೆ ತಂಗಿಯ ಮಗಳ ಮದುವೆಗೆ ಹಸೆ ಹಾಡು ಬೇಕೆಂದು ತೆಗೆದರೆ, ತಟ್ಟೆ ಗರಗರ ತಿರುಗಿತು, ನಿಂತಿತು, ಹೊರಗೆ ಬಂತು. ಮೂರು ಕಡೆ ಪ್ರಯತ್ನಿಸಿದೆ. ಏನೂ ಇಲ್ಲ. ಕೊನೆಗೆ ಅಟ್ಟದಲ್ಲಿ ಬಿದ್ದಿದ್ದ ಮೂಲ ಕ್ಯಾಸೆಟ್ ಹುಡುಕಿ, ಬೆರಳಿನಿಂದ ತಿರುಗಿಸಿ ಸಡಿಲ ಮಾಡಿ ಹಾಕಿದರೆ, ಸ್ವಲ್ಪ ಗೊಗ್ಗರು ದನಿಯಲ್ಲಿ ದೊಡ್ಡಮ್ಮ ಹಾಡತೊಡಗಿದಳು. ಎಮ್ಮೆಯೂ ಕೂಗಿತು. ನೂರು ವರ್ಷದ ವಸ್ತು ಹನ್ನೊಂದಕ್ಕೆ ಸತ್ತಿತ್ತು. ಕೆಲಸಕ್ಕೆ ಬಾರದ್ದೆಂದು ಅಟ್ಟಕ್ಕೆ ಎಸೆದದ್ದು ಉಸಿರಾಡುತ್ತಿತ್ತು.

ತಪ್ಪು ಎಲ್ಲಿ ಆಯಿತು ಎಂದು ಆಮೇಲೆ ಓದಿ ತಿಳಿದುಕೊಂಡೆ. ಅಂಗಡಿಯಲ್ಲಿ ಹಾಡು ತುಂಬಿ ಮಾರುವ ಸಿಡಿಯೂ ನಾವು ಕಂಪ್ಯೂಟರಿನಲ್ಲಿ ಬರೆದುಕೊಳ್ಳುವ ಸಿಡಿಯೂ ನೋಡಲು ಅಣ್ಣತಮ್ಮಂದಿರು, ಒಳಗೆ ಬೇರೆ ಬೇರೆ ಜಾತಿ. ಕಾರ್ಖಾನೆಯದರಲ್ಲಿ ಗುಳಿಗಳನ್ನು ಪ್ಲಾಸ್ಟಿಕ್ಕಿನಲ್ಲೇ ಅಚ್ಚೊತ್ತಿ ಮೇಲೆ ಅಲ್ಯೂಮಿನಿಯಂ ಲೇಪಿಸಿರುತ್ತಾರೆ. ನಾವು ಬರೆಯುವುದರಲ್ಲಿ ಗುಳಿ ಎಂಬುದೇ ಇಲ್ಲ. ಒಂದು ತೆಳು ಪದರ ಬಣ್ಣ ಇರುತ್ತದೆ, ಲೇಸರ್ ಅದನ್ನು ಚುಕ್ಕೆ ಚುಕ್ಕೆಯಾಗಿ ಸುಡುತ್ತದೆ. ಬಣ್ಣ ಅಂದ ಮೇಲೆ ಬಿಸಿಲಿಗೆ, ಸೆಕೆಗೆ ಮಾಸಲೇಬೇಕು. ಇನ್ನೊಂದು: ಹೊಳೆಯುವ ಅಡಿಮುಖವನ್ನು ನಾವು ಜೋಪಾನ ಮಾಡುತ್ತೇವೆ, ಹೆಸರು ಬರೆಯುವ ಮೇಲ್ಮುಖವನ್ನು ಹೇಗೆ ಬೇಕಾದರೂ ಹಿಡಿಯುತ್ತೇವೆ. ಅಡಿಮುಖದಲ್ಲಿ ಒಂದು ಮಿಲಿಮೀಟರ್ ಪ್ಲಾಸ್ಟಿಕ್ಕಿನ ಕವಚವಿದೆ. ಮೇಲ್ಮುಖದಲ್ಲಿ ಲೋಹದ ಪದರದ ಮೇಲೆ ಬರೀ ಒಂದು ಲೇಪ, ಉಗುರಿಗಿಂತ ತೆಳು. ನನ್ನ ಬಾಲ್‌ಪೆನ್ ದೊಡ್ಡಮ್ಮನ ಹಾಡಿನ ಮೇಲೆ ಉಳುಮೆ ಮಾಡಿತ್ತು. ಅಂಟಿಸಿದ ಲೇಬಲ್ ಉಳಿದ ಕೆಲಸ ಮುಗಿಸಿತ್ತು.

ಕಾರ್ಖಾನೆಯ ತಟ್ಟೆಗಳೂ ಚಿರಂಜೀವಿಗಳಲ್ಲ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಎಂಬಲ್ಲಿನ ಕಾರ್ಖಾನೆಯಿಂದ 1988ರಿಂದ 1993ರ ನಡುವೆ ಹೊರಬಂದ ಎಷ್ಟೋ ಸಿಡಿಗಳು ಅಂಚಿನಿಂದ ಕಂಚಿನ ಬಣ್ಣಕ್ಕೆ ತಿರುಗಿ ಹಾಳಾದವು. ಕಾರಣ ಹುಡುಕಿದರೆ, ಜೊತೆಗಿಟ್ಟ ಕಾಗದದೊಳಗಿನ ಗಂಧಕ ಲೇಪವನ್ನು ದಾಟಿ ಲೋಹವನ್ನು ತಿಂದಿತ್ತು. 2001ರಲ್ಲಿ ಇನ್ನೂ ವಿಚಿತ್ರ ಸುದ್ದಿ: ಮಧ್ಯ ಅಮೆರಿಕದ ಬೆಲೀಜ್ ದೇಶದ ಸೆಕೆ, ತೇವದಲ್ಲಿದ್ದ ಸಿಡಿಯೊಂದರ ಪ್ಲಾಸ್ಟಿಕ್ಕನ್ನೂ ಅಲ್ಯೂಮಿನಿಯಂ ಪದರವನ್ನೂ ಒಂದು ಜಾತಿಯ ಬೂಷ್ಟು ಕೊರೆದು ತಿಂದಿದೆ ಎಂದು ಸ್ಪೇನಿನ ವಿಜ್ಞಾನಿಗಳು ವರದಿ ಮಾಡಿದರು. ಆಷಾಢದಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲದರ ಮೇಲೂ ಬೂಷ್ಟು ಕಾಣುವ ಮಲೆನಾಡು, ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಟ್ಟೆ ಗಟ್ಟಿಯಿದ್ದರೂ ಸಾಲದು, ಓದುವ ಯಂತ್ರ ಬೇಕು. ಇದಕ್ಕೆ ಇಂಗ್ಲೆಂಡಿನ ಬಿಬಿಸಿ ಕೊಟ್ಟ ಉದಾಹರಣೆಗಿಂತ ಒಳ್ಳೆಯದು ಸಿಗುವುದಿಲ್ಲ. 1086ರಲ್ಲಿ ಅಲ್ಲಿನ ದೊರೆ ವಿಲಿಯಮ್ ತನ್ನ ರಾಜ್ಯದ ಜಮೀನು, ಜನ, ದನಕರು ಎಲ್ಲದರ ಲೆಕ್ಕ ಬರೆಸಿದ. ಚರ್ಮದ ಹಾಳೆಯ ಮೇಲೆ ಬರೆದ ಆ ಡೂಮ್ಸ್‌ಡೇ ಪುಸ್ತಕ ಈಗಲೂ ಇದೆ. ಅದಕ್ಕೆ 900 ವರ್ಷ ತುಂಬಿದ ನೆನಪಿಗೆ 1986ರಲ್ಲಿ ಬಿಬಿಸಿ ಹೊಸ ಲೆಕ್ಕ ಬರೆಸಿತು; ಶಾಲೆ ಮಕ್ಕಳೂ ಸೇರಿ ಹತ್ತು ಲಕ್ಷ ಜನ ತಮ್ಮ ಊರಿನ ಬಗ್ಗೆ ಬರೆದರು, ಫೋಟೊ ತೆಗೆದರು. ಎಲ್ಲವನ್ನೂ ಊಟದ ತಟ್ಟೆಯಷ್ಟು ಅಗಲದ ಎರಡು ಲೇಸರ್ ತಟ್ಟೆಗಳಲ್ಲಿ ತುಂಬಿದರು. ಅದನ್ನು ಓದಲು ವಿಶೇಷ ಪ್ಲೇಯರ್, ವಿಶೇಷ ಕಂಪ್ಯೂಟರ್. ಹದಿನೈದು ವರ್ಷ ಕಳೆಯುವುದರೊಳಗೆ ಆ ಯಂತ್ರಗಳೇ ಅಪರೂಪವಾದವು. ತಟ್ಟೆ ಸರಿಯಾಗಿಯೇ ಇತ್ತು, ಓದುವವರಿಲ್ಲ. 2002ರ ಹೊತ್ತಿಗೆ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯದವರು ಹೆಣಗಾಡಿ, ಹಳೆಯ ಯಂತ್ರದಂತೆ ನಟಿಸುವ ತಂತ್ರಾಂಶ ಬರೆದು ಅದನ್ನು ಮತ್ತೆ ಓದುವಂತೆ ಮಾಡಿದರು. ಒಂಬೈನೂರು ವರ್ಷದ ಚರ್ಮಕ್ಕೆ ಅಂಥ ಯಾವ ಚಿಕಿತ್ಸೆಯೂ ಬೇಕಾಗಿರಲಿಲ್ಲ.

ಈಗ ನೀವು ಹೇಳಬಹುದು: ಅದೆಲ್ಲ ಹಳೆಯ ಕಾಲದ ಮಾತು ಸ್ವಾಮಿ, ಈಗ ಎಲ್ಲ ಕ್ಲೌಡ್‌ನಲ್ಲಿದೆ. ನನ್ನ ಮೊಮ್ಮಗನೂ ಹಾಗೇ ಹೇಳುತ್ತಾನೆ. ಅವನನ್ನು ನಾನು ಬೈಯುವುದಿಲ್ಲ. ಧಾರವಾಡದ ಹಿಂದುಸ್ತಾನಿ ಗಾಯಕ ಮನ್ಸೂರರ ಹಾಡು ಕೇಳಬೇಕೆಂದರೆ ನಾನು ಹುಡುಗನಾಗಿದ್ದಾಗ ರೇಡಿಯೊ ನಿಲಯ ದಯೆ ತೋರುವವರೆಗೆ ಕಾಯಬೇಕಿತ್ತು. ಅವನು ಬಸ್ಸಿನಲ್ಲಿ ಕೂತು ಬೆರಳು ಒತ್ತುತ್ತಾನೆ, ಮನ್ಸೂರರು ಹಾಡುತ್ತಾರೆ. ಇದನ್ನು ಬೇಡ ಎನ್ನುವವನು ಸಂಗೀತದ ಶತ್ರು.

ಆದರೆ ಕ್ಲೌಡ್ ಎಂಬುದು ಮೋಡವಲ್ಲ. ನೆಲದ ಮೇಲೆ ಎಲ್ಲೋ ಒಂದು ದೊಡ್ಡ ಕಟ್ಟಡ, ಒಳಗೆ ಸಾಲು ಸಾಲು ಹಾರ್ಡ್ ಡಿಸ್ಕುಗಳು, ಹಗಲಿರುಳು ಕರೆಂಟು, ತಣ್ಣನೆಯ ಗಾಳಿ. ಡಿಸ್ಕುಗಳು ಅಲ್ಲೂ ಸಾಯುತ್ತವೆ; ಸತ್ತದ್ದನ್ನು ಕಿತ್ತು ಹೊಸದು ಹಾಕಿ, ಪ್ರತಿಯಿಂದ ಪ್ರತಿ ಮಾಡುತ್ತಲೇ ಇರುತ್ತಾರೆ. ಇನ್ನೂ ಸ್ವಾರಸ್ಯದ ಸಂಗತಿ ಹೇಳುತ್ತೇನೆ. 2011ರ ಫೆಬ್ರುವರಿಯಲ್ಲಿ ತಂತ್ರಾಂಶದ ದೋಷದಿಂದ ಒಂದಷ್ಟು ಜನರ ಜಿಮೇಲ್ ಪತ್ರಗಳು ಮಾಯವಾದವು, ಬೇರೆ ಬೇರೆ ಕಡೆ ಇದ್ದ ಪ್ರತಿಗಳ ಸಮೇತ. ಗೂಗಲ್ ಅವನ್ನು ಎಲ್ಲಿಂದ ವಾಪಸು ತಂದಿತು ಗೊತ್ತೆ? ಟೇಪಿನಿಂದ. ಹೌದು, ನಮ್ಮ ದೊಡ್ಡಮ್ಮನ ಕ್ಯಾಸೆಟ್ಟಿನ ದಾಯಾದಿ, ಆಯಸ್ಕಾಂತದ ಟೇಪು. ದೊಡ್ಡ ದೊಡ್ಡ ಸಂಸ್ಥೆಗಳು ಇವತ್ತಿಗೂ ಅಂಗೈ ಅಗಲದ ಟೇಪ್ ಪೆಟ್ಟಿಗೆಗಳಲ್ಲಿ ತಮ್ಮ ಗಂಟು ಇಡುತ್ತವೆ. ಒಂದು ಬಗೆಯ ಪೆಟ್ಟಿಗೆಯಲ್ಲಿ 18 ಟೆರಾಬೈಟ್, ನಾಲ್ಕು ಸಾವಿರ ಸಾದಾ ಡಿವಿಡಿಗಿಂತ ಕೊಂಚ ಕಡಿಮೆ ಅಷ್ಟೆ. ಪೆನ್‌ಡ್ರೈವ್ ಬಗ್ಗೆಯೂ ಒಂದು ಮಾತು. ಅದರಲ್ಲಿ ಮಾಹಿತಿ ಕೂತಿರುವುದು ಸೆರೆಹಿಡಿದಿಟ್ಟ ವಿದ್ಯುತ್ ಕಣಗಳ ರೂಪದಲ್ಲಿ. ಅವು ಮೆಲ್ಲಗೆ ಸೋರುತ್ತವೆ. ಸಾಗಿಸುವುದಕ್ಕೆ ಅದು ಒಳ್ಳೆಯದು, ಬೀರುವಿನಲ್ಲಿಟ್ಟು ಮರೆಯುವುದಕ್ಕೆ ಅಲ್ಲ.

ಕ್ಲೌಡ್‌ನ ನಿಜವಾದ ತೊಡಕು ಯಂತ್ರದ್ದಲ್ಲ, ಒಡೆತನದ್ದು. 2009ರ ಜುಲೈನಲ್ಲಿ ಅಮೆಜಾನ್ ತನ್ನ ಗ್ರಾಹಕರು ದುಡ್ಡು ಕೊಟ್ಟು ಕಿಂಡಲ್ ಎಂಬ ಓದುವ ಸಾಧನಕ್ಕೆ ಇಳಿಸಿಕೊಂಡಿದ್ದ ಪುಸ್ತಕವೊಂದನ್ನು ಹಕ್ಕಿನ ತಕರಾರಿನಿಂದಾಗಿ ದೂರದಿಂದಲೇ ಅಳಿಸಿಹಾಕಿತು. ಪುಸ್ತಕ ಯಾವುದು ಅಂದರೆ ಜಾರ್ಜ್ ಆರ್ವೆಲ್‌ನ '1984'. ಸರ್ಕಾರ ಬೇಡದ ಬರಹವನ್ನೆಲ್ಲ ಕುಲುಮೆಗೆ ಹಾಕುವ ಕತೆ. ಮೈಸ್ಪೇಸ್ ಎಂಬ ತಾಣಕ್ಕೆ ಹನ್ನೆರಡು ವರ್ಷ ಕಾಲ ಜನ ಏರಿಸಿದ್ದ ಹಾಡುಗಳು ಸರ್ವರ್ ಬದಲಿಸುವಾಗ ಹೋದವೆಂದು 2019ರಲ್ಲಿ ತಿಳಿಯಿತು, ಒಂದೆರಡಲ್ಲ, ಕೋಟಿಗಟ್ಟಲೆ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರಿಂದ ಒಂದು ಕಾನೂನು ಜಾರಿಯಲ್ಲಿದೆ: ಡಿಜಿಟಲ್ ಸರಕನ್ನು ಮಾರುವಾಗ ಇದು ನಿಮ್ಮ ಸೊತ್ತಲ್ಲ, ಬಳಸುವ ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ಹೇಳಬೇಕು. ಅಂದರೆ ನಾವು ಯಜಮಾನರಲ್ಲ, ಬಾಡಿಗೆದಾರರು. ಬಾಡಿಗೆ ಮನೆಯಲ್ಲಿ ಸುಖವಾಗಿರಬಹುದು. ಪಿತ್ರಾರ್ಜಿತವನ್ನು ಅಲ್ಲಿ ಹೂಳಬಾರದು. 28 ರೂಪಾಯಿಯ ವಿಸಿಡಿಗೆ ಇದ್ದ ಘನತೆ ಇದೇ: ಅಂಗಡಿಯಿಂದ ಆಚೆ ಬಂದ ಮೇಲೆ ಅದರ ಮೇಲೆ ಯಾರ ಕೈಯೂ ಚಾಚುತ್ತಿರಲಿಲ್ಲ.

ಮುಂದೆ ಬರಲಿರುವುದು ಏನು? ಪ್ರಯೋಗಾಲಯದಲ್ಲಿ ಬಹಳ ನಡೆಯುತ್ತಿದೆ. ಮೈಕ್ರೊಸಾಫ್ಟ್‌ನವರು 2019ರಲ್ಲಿ 1978ರ 'ಸೂಪರ್‌ಮ್ಯಾನ್' ಸಿನಿಮಾವನ್ನು ಅಂಗೈಗಿಂತ ಚಿಕ್ಕದಾದ ಗಾಜಿನ ಬಿಲ್ಲೆಯೊಳಗೆ ಲೇಸರಿನಿಂದ ಬರೆದು ಓದಿ ತೋರಿಸಿದರು. ಕುದಿಸಿದರೂ ಉಜ್ಜಿದರೂ ಅದಕ್ಕೆ ಏನೂ ಆಗಲಿಲ್ಲವಂತೆ. 2024ರಲ್ಲಿ ಶಾಂಘೈನ ವಿಜ್ಞಾನಿಗಳು ಡಿವಿಡಿಯಷ್ಟೇ ಅಗಲದ ತಟ್ಟೆಯಲ್ಲಿ ನೂರು ಪದರ ಬರೆದು 1.6 ಪೆಟಾಬಿಟ್ ಹಿಡಿಸಬಹುದೆಂದು 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ನಮ್ಮ ಸಾದಾ ಡಿವಿಡಿಯ ನಲವತ್ತು ಸಾವಿರ ಪಟ್ಟು. ಬೆಳಕಿನಿಂದ ಬರೆಯುವ ವಿದ್ಯೆ ಸತ್ತಿಲ್ಲ ಎಂದಾಯಿತು. ಅದು ನಮ್ಮ ಷೋಕೇಸಿನಿಂದ ದೊಡ್ಡವರ ಉಗ್ರಾಣಕ್ಕೆ ಹೋಗುತ್ತಿದೆ. ನನ್ನ ನಿಮ್ಮ ಕೈಗೆ ಆ ಗಾಜು ಎಂದು ಬಂದೀತೋ, ಬಂದರೂ ಓದುವ ಯಂತ್ರದ ಪ್ರಶ್ನೆ ಹಾಗೇ ನಿಂತಿರುತ್ತದೆ.

ಆ ಪ್ರಶ್ನೆಯನ್ನು ನೆಟ್ಟಗೆ ಎದುರಿಸಿದ ಒಂದೇ ತಟ್ಟೆ ನನಗೆ ಗೊತ್ತು. ಅದು ಭೂಮಿಯ ಮೇಲಿಲ್ಲ. 1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿ ಒಂದೊಂದು ತಾಮ್ರದ ತಟ್ಟೆ ಇದೆ, ಚಿನ್ನದ ಲೇಪದ್ದು. ಹಿಂದುಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಭೈರವಿ ಅದರಲ್ಲಿದೆ. 55 ಭಾಷೆಗಳಲ್ಲಿ ಶುಭಾಶಯ ಇದೆ; ಅದರಲ್ಲಿ ಕನ್ನಡವೂ ಒಂದು. ತಟ್ಟೆ ಮಾಡಿದವರು ಒಂದು ತಿಳಿವಳಿಕೆಯ ಕೆಲಸ ಮಾಡಿದರು: ಜೊತೆಗೆ ಓದುವ ಮುಳ್ಳನ್ನೂ ಇಟ್ಟರು, ಮುಚ್ಚಳದ ಮೇಲೆ ಎಷ್ಟು ವೇಗದಲ್ಲಿ ತಿರುಗಿಸಬೇಕೆಂಬ ಚಿತ್ರವನ್ನೂ ಕೊರೆದರು. ನಾವು ಮಾತ್ರ ಸಿಡಿ ಇಟ್ಟುಕೊಂಡು ಪ್ಲೇಯರನ್ನು ಗುಜರಿಗೆ ಹಾಕಿದೆವು.

ಹಾಗಿದ್ದರೆ ಯಾವುದನ್ನು ನಂಬಬೇಕು? ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ತಾಳೆಗರಿಗಳ ಕಟ್ಟುಗಳನ್ನು ನೋಡಿದವರು ಉತ್ತರ ಹೇಳಬಲ್ಲರು. 1905ರಲ್ಲಿ ಅಲ್ಲಿನ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ 'ಅರ್ಥಶಾಸ್ತ್ರ' ಸಿಕ್ಕಿತು, 1909ರಲ್ಲಿ ಅಚ್ಚಾಯಿತು. ಕೌಟಿಲ್ಯ ಬರೆದ ಗರಿಯೇ ಅವರಿಗೆ ಸಿಕ್ಕಿತೆ? ಖಂಡಿತ ಇಲ್ಲ. ನಮ್ಮ ಹವೆಯಲ್ಲಿ ಗರಿಯ ಆಯಸ್ಸು ಕೆಲವು ನೂರು ವರ್ಷ ಮಾತ್ರ. ಗರಿ ಶಿಥಿಲವಾಗುವ ಮೊದಲು ಯಾರೋ ಒಬ್ಬ ಲಿಪಿಕಾರ ಕೂತು ಹೊಸ ಗರಿಗೆ ಇಳಿಸಿದ. ಅದು ಹಳತಾಗುವ ಮೊದಲು ಇನ್ನೊಬ್ಬ. ಹೆಸರಿಲ್ಲದ ಆ ಲಿಪಿಕಾರರ ಬೆನ್ನುನೋವಿನಿಂದ ಗ್ರಂಥ ಉಳಿದು ಬಂತು. ಪ್ರತಿ ಮಾಡುವವರು ನಿಂತ ಕಡೆ ಗ್ರಂಥವೂ ನಿಂತಿತು. ನಾವು ಸಿಡಿ ಬಂದಾಗ ಲಿಪಿಕಾರನಿಗೆ ರಜೆ ಕೊಟ್ಟೆವು, ಕ್ಲೌಡ್ ಬಂದಾಗ ಕೆಲಸದಿಂದಲೇ ತೆಗೆದೆವು.

ರೇಡಿಯೊದವರ ಎದುರು ಇನ್ನೊಂದು ಪ್ರಸಂಗ ಹೇಳಲೇಬೇಕು. ಬಿಬಿಸಿ 1960ರ ದಶಕದ 'ಡಾಕ್ಟರ್ ಹೂ' ಧಾರಾವಾಹಿಯ ಎಷ್ಟೋ ಕಂತುಗಳನ್ನು, ಟೇಪು ದುಬಾರಿ ಎಂದೋ ಇಡಲು ಜಾಗವಿಲ್ಲವೆಂದೋ, ಅಳಿಸಿಬಿಟ್ಟಿತು. ಚಿತ್ರ ಹೋಯಿತು. ಆದರೆ ಕಳೆದುಹೋದ ಪ್ರತಿಯೊಂದು ಕಂತಿನ ದನಿಯೂ ಇಂದು ಇದೆ. ಏಕೆಂದರೆ ಕೆಲವು ಹುಚ್ಚು ಅಭಿಮಾನಿಗಳು ತಮ್ಮ ಮನೆಯಲ್ಲಿ ಟೀವಿಯ ಮುಂದೆ ಟೇಪ್‌ರೆಕಾರ್ಡರ್ ಹಿಡಿದು ಕೂತಿದ್ದರು. 2013ರಲ್ಲಿ ಒಂಬತ್ತು ಕಂತುಗಳ ಚಿತ್ರ ನೈಜೀರಿಯಾದ ಜೋಸ್ ಎಂಬ ಊರಿನಲ್ಲಿ ಸಿಕ್ಕಿತು. ಎಂದೋ ಅಲ್ಲಿಗೆ ಪ್ರಸಾರಕ್ಕೆ ಕಳಿಸಿದ್ದ ಪ್ರತಿ. ದೊಡ್ಡ ಸಂಸ್ಥೆ ಕಳೆದದ್ದನ್ನು ಸಣ್ಣ ಕೈಗಳು ಹಿಡಿದಿಟ್ಟಿದ್ದವು.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಸಿನಿಮಾ ಸಿಡಿಗಳ ಚಿಂತೆ ಬಿಡಿ. ಅವುಗಳಿಗೆ ಬೇರೆ ದಿಕ್ಕಿದೆ. ನಿಮ್ಮ ಮನೆಯಲ್ಲಿ ಮಾತ್ರ ಇರುವ ದನಿ, ನಿಮ್ಮ ಮನೆಯವರ ಮುಖ ಇರುವ ತಟ್ಟೆ, ಕ್ಯಾಸೆಟ್ ಯಾವುದಿದೆಯೋ ಅದನ್ನು ಮಾತ್ರ ಹೊರಗೆ ತೆಗೆಯಿರಿ. ತಟ್ಟೆಯನ್ನು ಅಂಚಿನಲ್ಲಿ ಹಿಡಿಯಿರಿ. ಓದುವ ಯಂತ್ರ ಮನೆಯಲ್ಲಿಲ್ಲದಿದ್ದರೆ ಯುಎಸ್‌ಬಿಗೆ ಸಿಗಿಸುವ ಡಿವಿಡಿ ಡ್ರೈವ್ ಇನ್ನೂ ಅಂಗಡಿಯಲ್ಲಿ ಸಿಗುತ್ತದೆ, ಊರಿಗೊಂದು ಇದ್ದರೂ ಸಾಕು. ಕಂಪ್ಯೂಟರಿಗೆ ಇಳಿಸಿ, ಒಂದು ಹಾರ್ಡ್ ಡಿಸ್ಕಿಗೆ ಹಾಕಿ, ಇನ್ನೊಂದು ಪ್ರತಿ ಬೇರೆ ಊರಿನ ಅಣ್ಣನಿಗೋ ಅಕ್ಕನಿಗೋ ಕೊಡಿ. ಕ್ಲೌಡ್‌ಗೂ ಏರಿಸಿ, ಬೇಡ ಎನ್ನುವುದಿಲ್ಲ. ಯಾರ ದನಿ, ಯಾವ ಊರು, ಯಾವ ವರ್ಷ ಎಂಬುದನ್ನು ಮಾತ್ರ ಕಾಗದದ ಮೇಲೆ ಬರೆದಿಡಿ. ಐದಾರು ವರ್ಷಕ್ಕೊಮ್ಮೆ ಇದೇ ಕೆಲಸ ಮತ್ತೆ ಮಾಡಬೇಕಾಗುತ್ತದೆ. ಬೇಸರವಾದರೆ ಶಾಮಶಾಸ್ತ್ರಿಗಳಿಗಿಂತ ಮೊದಲಿನ ಆ ಲಿಪಿಕಾರರನ್ನು ನೆನೆಯಿರಿ.

ದೊಡ್ಡಮ್ಮನ ಹಾಡು ಈಗ ನಾಲ್ಕು ಮನೆಗಳಲ್ಲಿದೆ. ಕ್ಯಾಸೆಟ್ಟನ್ನು ಎಸೆದಿಲ್ಲ. ಆ ಸಿಡಿಯನ್ನು ನನ್ನ ಹಳೆಯ ವಿದ್ಯಾರ್ಥಿಗೆ ಕೊಟ್ಟೆ, ಗದ್ದೆಗೆ.

ಮುಂಗಾರು ಹತ್ತಿರ ಬಂತು. ಗಾಳಿಯಲ್ಲಿ ತೇವ ಏರುವ ಮೊದಲು, ಈ ಭಾನುವಾರವೇ, ಅಟ್ಟದ ಮೇಲಿನ ಆ ಡಬ್ಬಿಯನ್ನು ಕೆಳಗಿಳಿಸಿ.